ಕಡಲು ದಾಟಿ ಬೆಟ್ಟ ಹತ್ತಿದ ಬಂದರೆ

ಮಧುಗಿರಿಯ ಏಕಶಿಲಾ ಬೆಟ್ಟದ ಮೇಲೆ ನಿಂತು ಪಡುವಣಕ್ಕೆ ಮುಖ ಮಾಡಿ. ಅರಬ್ಬಿ ಸಮುದ್ರ ಅಲ್ಲಿಂದ 250 ಕಿಲೋಮೀಟರಿಗೂ ಆಚೆ, ಪಶ್ಚಿಮ ಘಟ್ಟವನ್ನು ದಾಟಿ ಇಳಿದ ಮೇಲೆ. ಮೂಡಣಕ್ಕೆ ತಿರುಗಿ. ಬಂಗಾಳ ಕೊಲ್ಲಿ 300 ಕಿಲೋಮೀಟರಿಗೂ ಆಚೆ. ಸುತ್ತ ಕಾಣುವುದು ಕಡಲೆಕಾಯಿ ಹೊಲ, ರಾಗಿ ಹೊಲ, ತಳ ಕಂಡ ಕೆರೆ, ಬಂಡೆ, ಮತ್ತೆ ಬಂಡೆ. ಈಗ ನಿಮ್ಮ ಕಾಲಬುಡ ನೋಡಿ. ಕಲ್ಲಿನ ಸೀಳಿನಲ್ಲಿ, ಹಿಡಿ ಮಣ್ಣೂ ಸಿಗದ ಕಡೆ, ಎದೆಮಟ್ಟ ಬೆಳೆದು ಬಿಸಿಲಿಗೆ ಹೊಳೆಯುತ್ತಿರುವ ಪೊದೆ ಇದೆಯಲ್ಲ, ಅದರ ನೆಂಟರು ಹವಾಯಿ ದ್ವೀಪದ ಲಾವಾ ದಂಡೆಯಲ್ಲಿದ್ದಾರೆ. ನ್ಯೂಜಿಲೆಂಡಿನ ಕಡಲ ಕೊರಕಲಿನಲ್ಲಿದ್ದಾರೆ. ಕೆರಿಬಿಯನ್ ದ್ವೀಪಗಳಲ್ಲಿ, ಬ್ರೆಜಿಲಿನ ಕರಾವಳಿಯ ಮರಳಿನಲ್ಲಿ ಇದ್ದಾರೆ. ನೆಂಟರು ಅಂದರೂ ಕಡಿಮೆಯೇ. ಅವೆಲ್ಲ ಇದೇ ಗಿಡ. ಒಂದೇ ಪ್ರಭೇದ!

ಇದು ನಮ್ಮ ಬಂದರೆ. ವಿಜ್ಞಾನಿಗಳ ಪುಸ್ತಕದಲ್ಲಿ ಡೋಡೋನಿಯ ವಿಸ್ಕೋಸ. ಸಮುದ್ರದ ದಂಡೆಯೇ ಊರು, ದ್ವೀಪವೇ ಮನೆ ಎನ್ನುವಂಥ ಈ ಪೊದೆ ಮಳೆಗೆ ಬಾಯಿಬಿಡುವ ಬಯಲುಸೀಮೆಯ ಬೆಟ್ಟಗಳನ್ನು ಹತ್ತಿ ಕೂತಿದೆ. ಇದರ ಕಥೆ ತಿಳಿದ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ಗುಡ್ಡವೂ ಮೊದಲಿನಂತೆ ಕಾಣುವುದಿಲ್ಲ.

ಕಣ ಗುಡಿಸುವ ಗಿಡ

ಈ ನಾಲ್ಕು ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದವರಿಗೆ ಬಂದರೆಯನ್ನು ಪರಿಚಯ ಮಾಡಿಕೊಡಬೇಕಿಲ್ಲ. ಆಡುಮಾತಿನಲ್ಲಿ ಅದು ಬಂದ್ರೆ ಸೊಪ್ಪು. ತೆಲುಗು ಮಾತಾಡುವ ಪಾವಗಡದ ಕಡೆಯ ಮನೆಗಳಲ್ಲಿ ಬಂದಾರು. ಸುಗ್ಗಿಯಲ್ಲಿ ಕಣ ಗುಡಿಸಲು ಇದರ ಬರಲು ಪೊರಕೆಯೇ ಬೇಕು. ಒರಟು ನೆಲಕ್ಕೆ, ಕೊಟ್ಟಿಗೆಗೆ, ಅಂಗಳಕ್ಕೆ ತೆಂಗಿನ ಕಡ್ಡಿಗಿಂತ ಇದರ ಕಡ್ಡಿಯೇ ತಡೆಯುತ್ತದೆ. ಕೆರೆ ತುಂಬಿದ ವರ್ಷ ಗದ್ದೆಯ ಕೆಸರಿಗೆ ತುಳಿಯಲು ಹೊಂಗೆ ಸೊಪ್ಪಿನ ಜೊತೆ ಇದೂ ಬರುತ್ತದೆ. ಹಸಿಯಾಗಿದ್ದರೂ ಚಟಪಟ ಹತ್ತಿಕೊಳ್ಳುವ ಸೌದೆ ಇದು. ಹೊಲದ ಬದುವಿಗೆ ಒಳ್ಳೆಯ ಬೇಲಿ. ಏಕೆಂದರೆ ಸಿಕ್ಕಿದ್ದನ್ನೆಲ್ಲ ತಿನ್ನುವ ಮೇಕೆ ಕೂಡ ಇದನ್ನು ಮೂಸಿ ನೋಡಿ ಮುಂದೆ ಹೋಗುತ್ತದೆ. ಕೈಕಾಲು ಉಳುಕಿದಾಗ, ಮೂಳೆ ಮುರಿದಾಗ ನಾಟಿವೈದ್ಯರು ಕಟ್ಟುವ ಪಟ್ಟಿಯೊಳಗೂ ಬಹಳ ಕಡೆ ಇದೇ ಸೊಪ್ಪು ಇರುತ್ತದೆ.

ಇಷ್ಟೆಲ್ಲ ಬಳಕೆಯಿದ್ದೂ ಬಂದರೆಗೆ ಗೌರವ ಸಿಕ್ಕಿಲ್ಲ. ಬೇವಿಗೆ ಹಬ್ಬವಿದೆ, ಬನ್ನಿಗೆ ದಸರೆಯಿದೆ, ಅರಳಿಗೆ ಕಟ್ಟೆಯಿದೆ, ತಂಗಡಿಯ ಹಳದಿ ಹೂವಿಗೆ ಕಣ್ಣು ತಾನಾಗಿ ಹೋಗುತ್ತದೆ. ಬಂದರೆ ಮಾತ್ರ ಎಲ್ಲೆಲ್ಲೂ ಇದೆ, ಆದ್ದರಿಂದಲೇ ಯಾರ ಕಣ್ಣಿಗೂ ಬೀಳುವುದಿಲ್ಲ. ಕುರುಚಲು ಎಂಬ ಒಂದೇ ಮಾತಿನಲ್ಲಿ ಅದನ್ನು ಮುಗಿಸಿಬಿಡುತ್ತೇವೆ.

ಒಂದು ಎಲೆ, ಒಂದು ಹೂ, ಒಂದು ಕಾಯಿ

ಒಂದು ಎಲೆ ಕಿತ್ತು ಬೆರಳುಗಳ ನಡುವೆ ಹಿಡಿಯಿರಿ. ಉದ್ದ, ಕಿರಿದು, ಬುಡದತ್ತ ಸಣ್ಣಗಾಗುತ್ತ ಹೋಗಿ ಕಡ್ಡಿಗೆ ಸೇರಿಕೊಂಡಿದೆ. ಬೆರಳು ಮೆಲ್ಲಗೆ ಅಂಟುತ್ತದೆ. ಎಲೆಯ ಮೈಯಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳು ಒಸರುವ ರಾಳ ಅದು. ಎಳೆಯ ಎಲೆಯಲ್ಲಿ ಅಂಟು ಹೆಚ್ಚು, ಬಲಿತ ಎಲೆಯಲ್ಲಿ ಅದು ಒಣಗಿ ಮೆರುಗಾಗಿ ಕೂತಿರುತ್ತದೆ. ದೂರದಿಂದ ಗುಡ್ಡದ ಇಳಿಜಾರು ಮಿರುಗುವುದು ಈ ಮೆರುಗಿನಿಂದಲೇ. ಎಲೆಯನ್ನು ಹಿಸುಕಿ ಮೂಸಿದರೆ ಖಾರವೂ ಕಹಿಯೂ ಬೆರೆತ ಘಾಟು. ಮೇಕೆ ಮುಖ ತಿರುಗಿಸಿದ ಕಾರಣ ಆಗ ಗೊತ್ತಾಗುತ್ತದೆ. ಅಂಟುವಾಳ, ಸಾಗಡೆ, ಲಿಚಿ ಇರುವ ಕುಟುಂಬದ ಕೂಸು ಇದು. ಅಂಟುವಾಳದ ಕಾಯಿಯಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ವಸ್ತು ಇದರಲ್ಲೂ ಇದೆ.

ಹೂವನ್ನು ನೋಡಿದವರು ಅಪರೂಪ. ಅದಕ್ಕೆ ದಳವೇ ಇಲ್ಲ! ಹಸಿರು ಮಿಶ್ರಿತ ಹಳದಿಯ ಪುಟ್ಟ ಗೊಂಚಲು, ಅಷ್ಟೇ. ಸಾಮಾನ್ಯವಾಗಿ ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದು ಗಿಡದಲ್ಲಿ. ಜೇನನ್ನು ಕರೆಯುವ ಬಣ್ಣವೂ ಬೇಡ, ಸುವಾಸನೆಯೂ ಬೇಡ, ಏಕೆಂದರೆ ಪರಾಗ ಹೊತ್ತೊಯ್ಯುವ ಕೆಲಸವನ್ನು ಬಂದರೆ ಗಾಳಿಗೆ ವಹಿಸಿದೆ. ಗಂಡು ಗಿಡದ ಕೊಂಬೆಯನ್ನು ಸರಿಯಾದ ಹೊತ್ತಿನಲ್ಲಿ ಅಲ್ಲಾಡಿಸಿದರೆ ಹಳದಿ ಧೂಳು ಹಾರುವುದು ಕಾಣುತ್ತದೆ. ಗಾಳಿ ನಿಲ್ಲದ ಕಡೆ ಹುಟ್ಟಿದ ಗಿಡ ಮಾತ್ರ ಇಂಥ ಧೈರ್ಯ ಮಾಡಬಲ್ಲದು. ಕಡಲ ದಂಡೆಯಲ್ಲಿ ಗಾಳಿ ನಿಲ್ಲುವುದಿಲ್ಲ. ಮಧುಗಿರಿಯ ನೆತ್ತಿಯಲ್ಲೂ ನಿಲ್ಲುವುದಿಲ್ಲ!

ಬಂದರೆಯ ವೈಭವವೆಲ್ಲ ಕಾಯಿಯಲ್ಲಿದೆ. ಚಳಿಗಾಲ ಕಳೆಯುವ ಹೊತ್ತಿಗೆ ಹೆಣ್ಣು ಗಿಡಗಳ ಮೇಲೆ ಕಾಯಿ ಗೊಂಚಲುಗೊಂಚಲಾಗಿ ತೂಗುತ್ತದೆ. ಪ್ರತಿ ಕಾಯಿಗೂ ಎರಡರಿಂದ ನಾಲ್ಕು ತೆಳ್ಳನೆಯ ರೆಕ್ಕೆ. ಜಾತ್ರೆಯಲ್ಲಿ ಮಕ್ಕಳು ಹಿಡಿದು ಓಡುವ ಕಾಗದದ ಗಿರಗಿಟ್ಲೆ ನೆನಪಾಗುತ್ತದೆ. ಬಣ್ಣವೋ ಒಂದಲ್ಲ ಎರಡಲ್ಲ. ಮೊದಲು ತಿಳಿಹಸಿರು, ಆಮೇಲೆ ಅಂಚಿನಲ್ಲಿ ಗುಲಾಬಿ, ಬಲಿತಂತೆ ಕೆಂಪು, ಒಣಗಿದಂತೆ ಕಂದು. ಹೂವಿನಲ್ಲಿ ಉಳಿಸಿದ ಬಣ್ಣವನ್ನೆಲ್ಲ ಗಿಡ ಕಾಯಿಯ ಮೇಲೆ ಸುರಿದಿದೆ. ಒಣಗಿದ ಒಂದು ಕಾಯಿಯನ್ನು ಅಂಗೈಯಲ್ಲಿ ಉಜ್ಜಿದರೆ ಪೊರೆ ಪುಡಿಯಾಗಿ ಕಪ್ಪು ಬೀಜ ಉಳಿಯುತ್ತದೆ. ಎರಡು ಮೂರು ಮಿಲಿಮೀಟರ್ ಅಷ್ಟೇ ಅದರ ಅಗಲ. ಉಗುರಿನಿಂದ ಒತ್ತಿದರೂ ಒಡೆಯುವುದಿಲ್ಲ. ಮಹಾಸಾಗರಗಳನ್ನು ದಾಟಿದ ಪಯಣದ ಗುಟ್ಟು ಈ ಗಟ್ಟಿ ಸಿಪ್ಪೆಯೊಳಗಿದೆ.

ಭೂಪಟ ಬಿಡಿಸಿದರೆ

ಭೂಪಟ ಬಿಡಿಸಿ, ಬೆರಳನ್ನು ಪೆಸಿಫಿಕ್ ಮಹಾಸಾಗರದ ನಟ್ಟನಡುವೆ ಇಡಿ. ಅಲ್ಲಿ ಹವಾಯಿ. ಯಾವ ಖಂಡಕ್ಕೂ ಎಂದೂ ಸೇರಿರದ, ಕಡಲ ತಳದಿಂದ ಜ್ವಾಲಾಮುಖಿಗಳು ಎತ್ತಿ ನಿಲ್ಲಿಸಿದ ದ್ವೀಪಗಳು. ಅಲ್ಲಿಗೆ ತಾನಾಗಿ ಬಂದ ಪ್ರತಿ ಗಿಡವೂ ನೀರಲ್ಲಿ ತೇಲಿ, ಗಾಳಿಯಲ್ಲಿ ಹಾರಿ, ಇಲ್ಲವೇ ಹಕ್ಕಿಯ ಜೊತೆಗೂಡಿ ಬಂದದ್ದು. ಅಂಥ ಕಡೆ ಬಂದರೆ ಇದೆ! ಕಡಲ ಅಂಚಿನಿಂದ ಹಿಡಿದು 2,000 ಮೀಟರಿಗೂ ಎತ್ತರದ ಇಳಿಜಾರಿನವರೆಗೆ ಇದೆ. ತಣಿದ ಲಾವಾದ ಮೇಲೆ ಮೊದಮೊದಲು ಬೇರೂರುವ ಗಿಡಗಳಲ್ಲಿ ಇದೂ ಒಂದು. ಅಲ್ಲಿನವರು ಇದನ್ನು ಅಅಲಿಇ ಎನ್ನುತ್ತಾರೆ, ಇದರ ಕೆಂಪು ಕಾಯಿಗಳನ್ನು ಹೆಣೆದು ಮಾಲೆ ಮಾಡಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಎಂಥ ಬಿರುಗಾಳಿಗೂ ಬೀಳದ ಗಿಡವೆಂದು ದೊಡ್ಡ ದ್ವೀಪದ ಕಾಊ ಸೀಮೆಯ ಜನ ತಮ್ಮ ಗಟ್ಟಿತನವನ್ನು ಇದಕ್ಕೆ ಹೋಲಿಸಿ ಹೇಳಿಕೊಳ್ಳುತ್ತಾರೆ.

ಬೆರಳನ್ನು ಕೆಳಗೆ ಎಳೆಯಿರಿ. ನ್ಯೂಜಿಲೆಂಡಿನಲ್ಲಿ ಇದು ಅಕೆಅಕೆ; ಇದರ ಗಟ್ಟಿ ಕಟ್ಟಿಗೆಯಿಂದ ಮಾವೊರಿ ಜನ ಆಯುಧ ಮಾಡುತ್ತಿದ್ದರು. ಅಲ್ಲಿಂದ ಇನ್ನೂ ಸುಮಾರು 800 ಕಿಲೋಮೀಟರ್ ಪೂರ್ವಕ್ಕೆ, ಕಡಲಲ್ಲಿ ಒಂಟಿಯಾಗಿ ಕೂತ ಚಾಟಮ್ ದ್ವೀಪಗಳಲ್ಲೂ ಇದೆ. ಆಸ್ಟ್ರೇಲಿಯದ ಮರಳ ದಿಬ್ಬಗಳಲ್ಲೂ ಒಳನಾಡಿನ ಒಣನೆಲದಲ್ಲೂ ಇದೆ. ದಕ್ಷಿಣ ಆಫ್ರಿಕದಲ್ಲಿ ಹಾರುವ ಮರಳನ್ನು ಹಿಡಿದು ನಿಲ್ಲಿಸಲು ಇದನ್ನು ನೆಟ್ಟಿದ್ದಾರೆ. ಇಥಿಯೋಪಿಯದ ಗುಡ್ಡಗಳಲ್ಲಿ, ಅರೇಬಿಯದ ಬೆಟ್ಟಗಳಲ್ಲಿ, ಪಾಕಿಸ್ತಾನದ ಉಪ್ಪಿನ ಬೆಟ್ಟಸಾಲಿನಲ್ಲಿ, ಪೆರುವಿನಲ್ಲಿ, ಮೆಕ್ಸಿಕೊದಲ್ಲಿ, ಅಮೆರಿಕದ ಅರಿಜೋನ ಮರುಭೂಮಿಯಲ್ಲಿ ಇದೆ. ಮನುಷ್ಯ ಹೊತ್ತು ತಿರುಗದೆಯೇ ಇಷ್ಟು ನೆಲ ಆಳಿದ ಮರಗಿಡಗಳು ಭೂಮಿಯ ಮೇಲೆ ಎಷ್ಟಿದ್ದಾವು!

ಇದಕ್ಕೆ ಈಗಿನ ಹೆಸರು ಬಂದದ್ದೂ ದ್ವೀಪಗಳ ದಾರಿಯಿಂದಲೇ. ಲಿನೇಯಸ್ 1753ರಲ್ಲಿ ಇದನ್ನು ಬೇರೊಂದು ಕುಲಕ್ಕೆ ಸೇರಿಸಿ ಹೆಸರಿಟ್ಟಿದ್ದ. ಆಸ್ಟ್ರಿಯದ ದೊರೆಯ ಪರವಾಗಿ ಕೆರಿಬಿಯನ್ ದ್ವೀಪಗಳಲ್ಲಿ ವರ್ಷಗಟ್ಟಲೆ ಗಿಡ ಸಂಗ್ರಹಿಸಿ ಮರಳಿದ ನಿಕೊಲಸ್ ಜಾಕ್ವಿನ್ 1760ರಲ್ಲಿ ಅದನ್ನು ಸರಿಪಡಿಸಿದ. ಕುಲದ ಹೆಸರು 16ನೇ ಶತಮಾನದ ಫ್ಲೆಮಿಷ್ ವೈದ್ಯ, ಸಸ್ಯಶಾಸ್ತ್ರಜ್ಞ ರೆಂಬರ್ಟ್ ಡೋಡೋನ್ಸ್ ನೆನಪಿನದು.

ನಡೆದು ಬಂದದ್ದಲ್ಲ

ಇಷ್ಟು ಚದುರಿದ ಗಿಡವನ್ನು ನೋಡಿದರೆ ಯಾರಿಗೂ ಮೊದಲು ಹೊಳೆಯುವ ಊಹೆ ಒಂದಿದೆ. ಭಾರತ, ಆಸ್ಟ್ರೇಲಿಯ, ಆಫ್ರಿಕ, ದಕ್ಷಿಣ ಅಮೆರಿಕ ಒಂದು ಕಾಲಕ್ಕೆ ಗೊಂಡ್ವಾನ ಎಂಬ ಒಂದೇ ಭೂಖಂಡವಾಗಿದ್ದವು. ಆಗಲೇ ಬಂದರೆ ಎಲ್ಲೆಡೆ ಇದ್ದು, ನೆಲ ಒಡೆದಾಗ ಅದರ ಜೊತೆಯಲ್ಲೇ ಚದುರಿರಬೇಕು! ಕೇಳಲು ಚೆಂದ. ಆದರೆ ಭಾರತ ಆಸ್ಟ್ರೇಲಿಯದಿಂದ ಬೇರ್ಪಟ್ಟು 10 ಕೋಟಿ ವರ್ಷಕ್ಕೂ ಹೆಚ್ಚಾಯಿತು. ಬಂದರೆ ಅಷ್ಟು ಹಳೆಯದಲ್ಲ.

ಡೋಡೋನಿಯ ಕುಲದಲ್ಲಿ ಸುಮಾರು 70 ಪ್ರಭೇದಗಳಿವೆ. ಬಹುತೇಕ ಎಲ್ಲವೂ ಆಸ್ಟ್ರೇಲಿಯ ಬಿಟ್ಟು ಕದಲಿಲ್ಲ. ಹೊಸಿಲು ದಾಟಿ ಜಗತ್ತು ಸುತ್ತಿದ್ದು ಬಂದರೆ. ಆಸ್ಟ್ರೇಲಿಯದ ಸಂಶೋಧಕರಾದ ಮಾರ್ಕ್ ಹ್ಯಾರಿಂಗ್ಟನ್ ಮತ್ತು ಪಾಲ್ ಗಾಡೆಕ್ ಹಲವು ನಾಡುಗಳ ಬಂದರೆ ಗಿಡಗಳ ಡಿಎನ್‌ಎ ಹೋಲಿಸಿ 2009ರಲ್ಲಿ ಇದರ ವಂಶಾವಳಿ ಬಿಡಿಸಿದರು. ತವರು ಆಸ್ಟ್ರೇಲಿಯ. ಜಗತ್ತಿಗೆ ಹರಡಿದ್ದು ಪ್ಲೀಸ್ಟೊಸೀನ್ ಯುಗದಲ್ಲಿ, ಅಂದರೆ ಹಿಮಯುಗಗಳು ಬಂದು ಹೋಗುತ್ತಿದ್ದ ಕಾಲದಲ್ಲಿ. 26 ಲಕ್ಷ ವರ್ಷಗಳ ಹಿಂದಷ್ಟೇ ಆರಂಭವಾದ ಯುಗ ಅದು. ಆ ಹೊತ್ತಿಗೆ ಖಂಡಗಳೆಲ್ಲ ಹೆಚ್ಚುಕಡಿಮೆ ಈಗಿರುವ ಜಾಗದಲ್ಲೇ ಇದ್ದವು, ನಡುವೆ ಸಮುದ್ರವಿತ್ತು. ನಡೆದು ಬರಲು ದಾರಿಯೇ ಇರಲಿಲ್ಲ. ಬಂದರೆ ಕಡಲು ದಾಟಿಯೇ ಹೊರಟಿತ್ತು!

ದಾಟಿದ್ದು ಹೇಗೆ? ದಂಡೆಯಲ್ಲಿ ಬೆಳೆಯುವ ಬಂದರೆಯ ಬೀಜ ಉಪ್ಪುನೀರಿನಲ್ಲಿ ತೇಲುತ್ತದೆ. ನೀರು ಒಳಗೆ ಇಳಿಯದ ಸಿಪ್ಪೆಯಿಂದಾಗಿ ಅದು ಕೊಳೆಯುವುದಿಲ್ಲ, ಅವಸರಪಟ್ಟು ಮೊಳೆಯುವುದೂ ಇಲ್ಲ. ಒಳಗಿನ ಜೀವ ಕಾದಿರುತ್ತದೆ. ಅಲೆ ಎತ್ತ ಎಸೆದರೆ ಅತ್ತ, ಯಾವುದೋ ಮರಳಿನ ಮೇಲೆ, ಬಿಸಿಲಿಗೆ ಸಿಪ್ಪೆ ಸಡಿಲವಾದ ದಿನ ಮೊದಲ ಬೇರು ಇಳಿಯುತ್ತದೆ. ಅಲ್ಲಿ ಗಿಡವಾಗಿ, ಕಾಯಿ ಬಿಟ್ಟು, ರೆಕ್ಕೆಯ ಬಲದಿಂದ ಗಾಳಿಗೆ ಬಿದ್ದು ಒಳನಾಡಿನತ್ತ ಹೊರಡುತ್ತದೆ. ನೀರಿಗೆ ತೇಲುವ ಬೀಜ, ಗಾಳಿಗೆ ಹಾರುವ ಕಾಯಿ: ಎರಡು ವಾಹನ ಇಟ್ಟುಕೊಂಡ ಪಯಣಿಗ ಇದು. ದಂಡೆಯಿಂದ ಗುಡ್ಡಕ್ಕೆ, ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ, ತಲೆಮಾರಿನ ಮೇಲೆ ತಲೆಮಾರು ಹತ್ತುತ್ತ ಹೋದರೆ ಮಧುಗಿರಿಯೇನು ಮಹಾ ದೂರ!

ಬಂಡೆಯೂ ಒಂದು ದಂಡೆ

ಕಡಲ ತೀರದ ಗಿಡ ಬೆಂಗಾಡಿನಲ್ಲಿ ಬದುಕಿದ್ದಾದರೂ ಹೇಗೆ? ಉತ್ತರ ಗೊತ್ತಾದಾಗ ಮೈ ಜುಮ್ಮೆನ್ನುತ್ತದೆ. ದಂಡೆಯ ಬದುಕು ಹೇಗಿರುತ್ತದೆ ನೋಡಿ. ಮರಳಿನಲ್ಲಿ ಸಾರವಿಲ್ಲ, ಮಳೆ ಬಿದ್ದರೂ ನೀರು ನಿಲ್ಲದೆ ಸೋರಿಹೋಗುತ್ತದೆ. ಎದುರಿಗೆ ಸಮುದ್ರವೇ ಇದ್ದರೂ ಕುಡಿಯಲು ಹನಿಯಿಲ್ಲ. ನೆತ್ತಿಯ ಮೇಲೆ ಮರೆಯಿಲ್ಲದ ಬಿಸಿಲು, ಹಗಲಿರುಳು ಗಾಳಿ.

ಈಗ ನಮ್ಮ ಬೆಟ್ಟಕ್ಕೆ ಬನ್ನಿ. ಇಲ್ಲಿಯ ಕಲ್ಲು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರನ್ನೇ ಹೊತ್ತ ಈ ಶಿಲಾಪಟ್ಟಿ ದಕ್ಷಿಣದಿಂದ ಮಧುಗಿರಿ, ಪಾವಗಡದ ಮೂಲಕ ಬಡಗಣಕ್ಕೆ ಸಾಗುತ್ತದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಮೇಲೆ ಬಿದ್ದ ಮಳೆ ಜಾರಿಹೋಗುತ್ತದೆ. ಸೀಳಿನಲ್ಲಿ ಸೇರಿದ ಜಲ್ಲಿಮಣ್ಣಿನಲ್ಲಿ ಸಾರವಿಲ್ಲ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಅದೂ ಬಂದರೆ ಬಂತು. ನೆತ್ತಿಯ ಮೇಲೆ ಅದೇ ಬಿಸಿಲು, ಅದೇ ನಿಲ್ಲದ ಗಾಳಿ. ಉಪ್ಪೊಂದನ್ನು ಬಿಟ್ಟರೆ ಗಿಡದ ಪಾಲಿಗೆ ಈ ಬಂಡೆಯೂ ಕಡಲ ದಂಡೆಯೇ! ಬಯಲಿನ ನಡುವೆ ಅಲ್ಲೊಂದು ಇಲ್ಲೊಂದು ಎದ್ದ ಬೆಟ್ಟಗಳು ಅದರ ಪಾಲಿಗೆ ದ್ವೀಪಗಳೇ!

ದಂಡೆಯಲ್ಲಿ ಕಲಿತ ವಿದ್ಯೆಯೆಲ್ಲ ಇಲ್ಲಿ ಕೈ ಹಿಡಿಯಿತು. ಎಲೆಯ ರಾಳ ಬಿಸಿಲನ್ನು ಹಿಂದಕ್ಕೆ ಹೊಡೆದು, ಒಳಗಿನ ನೀರು ಆವಿಯಾಗದಂತೆ ತಡೆಯುತ್ತದೆ. ಮರಳಿನಲ್ಲಿ ಆಳಕ್ಕೆ ಇಳಿಯಲು ಕಲಿತ ಬೇರು ಬಂಡೆಯ ಬಿರುಕನ್ನು ಹುಡುಕಿಕೊಂಡು ಹೋಗುತ್ತದೆ. ಉಪ್ಪುನೀರನ್ನು ತಡೆದ ಬೀಜದ ಸಿಪ್ಪೆ ಇಲ್ಲಿ ಬರಗಾಲವನ್ನು ತಡೆಯುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು, ಕಾವು ತಾಗಿ ಸಿಪ್ಪೆ ಬಿರಿದ ಮೇಲೆ ಹದವಾದ ಮಳೆಗೆ ಮೊಳೆಯುತ್ತದೆ. ಸೌದೆಗೆ ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಕುರಿಮೇಕೆ ಮುಟ್ಟುವುದಿಲ್ಲವಾದ್ದರಿಂದ, ಬೇರೆಲ್ಲ ಹಸಿರೂ ಮೇವಾಗಿ ಹೋದ ಗುಡ್ಡದಲ್ಲಿ ಕೊನೆಗೆ ಉಳಿಯುವುದು ಬಂದರೆ.

ಉಳಿದುಕೊಂಡು ಅದು ಸುಮ್ಮನಿರುವುದಿಲ್ಲ. ಬಿದ್ದ ಎಲೆ ಬುಡದಲ್ಲಿ ಕೊಳೆತು ಚಿಟಿಕೆ ಚಿಟಿಕೆಯಾಗಿ ಮಣ್ಣು ಕಟ್ಟುತ್ತದೆ. ಆ ನೆರಳಿನ ತಂಪಿನಲ್ಲಿ ಕಾರೆ, ಕವಳೆ, ಬೇವಿನ ಸಸಿಗಳು ತಲೆಯೆತ್ತುತ್ತವೆ. ಮೇಕೆಗೆ ಬೇಡವಾದ ಪೊದೆಯೊಳಗೆ ಅವಿತ ಸಸಿ ಬಾಯಿಗೆ ಸಿಗದೆ ಬದುಕಿಕೊಳ್ಳುತ್ತದೆ. ಬೇರಿನಿಂದ ಬೇರೆ ಗಿಡಗಳ ಆಸರೆ ಪಡೆದು ಬೆಳೆಯುವ ಶ್ರೀಗಂಧಕ್ಕೆ ಆಸರೆಯಾಗುವ ಗಿಡಗಳಲ್ಲೂ ಬಂದರೆ ಇದೆ. ಬೆಟ್ಟ ಮತ್ತೆ ಕಾಡಾಗಬೇಕಾದರೆ ಮೊದಲ ಹೆಜ್ಜೆ ಇಡುವುದು ಇದೇ ಗಿಡ. ಮೆಕ್ಸಿಕೊದಲ್ಲಿ ಸವೆದು ಗಟ್ಟಿಯಾದ ನೆಲವನ್ನು, ಚೀನಾದ ಯುನ್ನಾನಿನ ಒಣ ಕಣಿವೆಗಳನ್ನು ಮತ್ತೆ ಹಸಿರು ಮಾಡುವ ಕೆಲಸಕ್ಕೆ ಇದನ್ನು ಆರಿಸಿಕೊಂಡಿದ್ದಾರೆ. ಅವರು ನೆಟ್ಟು ಬೆಳೆಸುವುದನ್ನು ನಮ್ಮ ಗುಡ್ಡಗಳು ಪುಕ್ಕಟೆ ಪಡೆದಿವೆ.

ನಾಲ್ಕು ತಾಲ್ಲೂಕು, ಒಂದೇ ಗಿಡ

ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಜನ ಗಿಡಮೂಲಿಕೆ ಹುಡುಕಿಕೊಂಡು ಬರುತ್ತಾರೆ. ಸಿದ್ಧರು ತಪಸ್ಸು ಮಾಡಿದ ಜಾಗ, ಸಂಜೀವಿನಿಯೇ ಸಿಕ್ಕೀತು ಎಂಬ ನಂಬಿಕೆ. ಆ ಬೆಟ್ಟಸಾಲಿನ ಬಂಡೆಗಳ ನಡುವೆ ಹತ್ತುವವರ ಮೊಣಕೈಗೆ ತಾಗುವ ಬಂದರೆಯನ್ನು ಯಾರೂ ಕೇಳುವುದಿಲ್ಲ. ಹವಾಯಿಯಿಂದ ಅರೇಬಿಯದವರೆಗೆ ಹಲವು ನಾಡಿನ ಜನ ಮದ್ದೆಂದು ಬಳಸಿದ ಗಿಡ ದಾರಿಯಲ್ಲೇ ಇದೆ!

ಮಧುಗಿರಿ ಬೆಟ್ಟ ಸುಮಾರು 3,900 ಅಡಿ ಎತ್ತರದ್ದು. ಕೋಟೆಯ ಬಾಗಿಲುಗಳನ್ನು ದಾಟಿ, ಕಲ್ಲಿನಲ್ಲಿ ಕೊರೆದ ಮೆಟ್ಟಿಲಿಗೆ ಕಾಲಿಟ್ಟು ಮೇಲೇರಿದಂತೆ ಮರಗಳು ಹಿಂದೆ ಬೀಳುತ್ತವೆ, ಬಂದರೆ ಜೊತೆಗೆ ಬರುತ್ತದೆ. ಅದೇ ತಾಲ್ಲೂಕಿನ ತಿಮ್ಲಾಪುರದ ಕಾಡು ಕರಡಿಗಳ ಬೀಡು. ಬಂಡೆಯ ಪೊಟರೆ ಮತ್ತು ಅದರ ಬಾಯಿಗೆ ಮರೆಯಾಗಿ ನಿಂತ ಕುರುಚಲು ಪೊದೆ ಇದ್ದರೇ ಕರಡಿಗೆ ನೆಮ್ಮದಿ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಒಣಕಾಡು 2019ರಲ್ಲಿ ಚಿಂಕಾರ ಎಂಬ ಹುಲ್ಲೆಗಳ ವನ್ಯಧಾಮವಾಯಿತು. ಅಲ್ಲಿ ಚಿಂಕಾರಗಳು ಬದುಕಿ ಉಳಿದದ್ದು ಎತ್ತರದ ಮರಗಳಿಂದಲ್ಲ, ನಾವು ಕಡೆಗಣಿಸಿದ ಈ ಕುರುಚಲು ಮತ್ತು ಹುಲ್ಲಿನಿಂದ.

ಪಾವಗಡದಲ್ಲಂತೂ ಬೆರಗು ಇಮ್ಮಡಿ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಊರುಗಳ 13,000 ಎಕರೆಯಲ್ಲಿ ಸೌರಫಲಕಗಳು ಹಾಸಿವೆ. 2018ರಲ್ಲಿ ಆರಂಭವಾದ ಈ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಅಷ್ಟು ವಿದ್ಯುತ್ತು ಹುಟ್ಟಿಸಬಲ್ಲ ಬಿಸಿಲು ಇಲ್ಲಿ ಬೀಳುತ್ತದೆ! ಅದೇ ಬಿಸಿಲು ನಿಡುಗಲ್ಲು ದುರ್ಗದ ಇಳಿಜಾರಿನ ಮೇಲೂ ಬೀಳುತ್ತದೆ. ಅಲ್ಲಿ ಒಂದು ಕೊಡ ನೀರನ್ನೂ ಕೇಳದೆ, ರಾಳ ಸವರಿದ ಕಿರಿದಾದ ಎಲೆಗಳಿಂದ ಆ ಬಿಸಿಲನ್ನು ತಡೆದು, ಬೇಕಾದಷ್ಟನ್ನು ಮಾತ್ರ ಉಂಡು ಹಸಿರಾಗಿರುತ್ತದೆ ಬಂದರೆ. ಫಲಕದ ಧೂಳು ಒರೆಸಬೇಕು. ಇದಕ್ಕೆ ಅದೂ ಬೇಕಿಲ್ಲ.

ಕಾಣದ ಕೈಗಳ ಒಂದೇ ಕೆಲಸ

ಇನ್ನೊಂದು ಸಂಗತಿಯಿದೆ, ಅದು ಗಿಡದ್ದಲ್ಲ, ಮನುಷ್ಯರದು. ಬ್ರೆಜಿಲಿನಲ್ಲಿ ಜನ ಈ ಗಿಡವನ್ನು ಕೆಂಪು ಪೊರಕೆ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅಲ್ಲಿಯೂ ಪೊರಕೆ! ಶಿರಾದ ಕಣದಲ್ಲಿ ಬರಲು ಕಟ್ಟಿದ ಅಜ್ಜಿಗೂ ಬ್ರೆಜಿಲಿನ ಅಂಗಳದಲ್ಲಿ ಪೊರಕೆ ಕಟ್ಟಿದ ಅಜ್ಜಿಗೂ ಒಬ್ಬರ ಸುಳಿವು ಇನ್ನೊಬ್ಬರಿಗಿಲ್ಲ. ಇಬ್ಬರೂ ಕಡ್ಡಿಯನ್ನು ಬಗ್ಗಿಸಿ ನೋಡಿದರು, ಮುರಿಯಲಿಲ್ಲ, ಒಂದೇ ತೀರ್ಮಾನಕ್ಕೆ ಬಂದರು.

ಇಥಿಯೋಪಿಯದಲ್ಲಿ ಇದರ ಕಟ್ಟಿಗೆ ಮನೆಯ ಗೋಡೆಗೆ, ಹವಾಯಿಯಲ್ಲಿ ಮನೆಯ ಕಂಬಕ್ಕೆ, ನೆಲ ಅಗೆಯುವ ಕೋಲಿಗೆ ಬಂತು. ಆಸ್ಟ್ರೇಲಿಯದ ಮೂಲನಿವಾಸಿಗಳು ಹಲ್ಲುನೋವಿಗೆ ಇದರ ಎಲೆ ಜಗಿದರು, ತಿರಂಡಿ ಮೀನು ಕುಟುಕಿದ ಗಾಯಕ್ಕೆ ಅರೆದು ಹಚ್ಚಿದರು. ಅಲ್ಲಿಗೆ ವಲಸೆ ಬಂದ ಬಿಳಿಯರು ಬಿಯರಿಗೆ ಹಾಕುವ ಹಾಪ್ಸ್ ಸಿಗದಾಗ ಇದರ ಕಹಿ ಕಾಯಿಯನ್ನು ಹಾಕಿದರು. ನಮ್ಮವರು ಮುರಿದ ಮೂಳೆಗೆ ಕಟ್ಟಿದರು. ಗಿಡ ಕಡಲು ದಾಟಿತು. ಅದನ್ನು ಓದಿಕೊಂಡ ತಿಳಿವು ಮಾತ್ರ ಪ್ರತಿ ನಾಡಿನಲ್ಲೂ ಬೇರೆ ಬೇರೆಯಾಗಿ, ಹೊಲಗದ್ದೆಯ ಜನರ ಬೆರಳ ತುದಿಯಲ್ಲೇ ಹುಟ್ಟಿತು. ನಮ್ಮ ಊರಿನ ಹಿರಿಯರಿಗೆ ಗೊತ್ತಿರುವ ಬಂದರೆಯ ಬಳಕೆಗಳನ್ನು ಕೇಳಿ ಬರೆದಿಡಬೇಕಾದದ್ದು ಇದಕ್ಕೇ. ಅದು ಈ ಗಿಡದ ಜಗತ್ತಿನ ಚರಿತ್ರೆಯಲ್ಲಿ ನಮ್ಮ ಪಾಲಿನ ಪುಟ.

ನಾವು ಮಾಡಬಹುದಾದದ್ದು

ಇಷ್ಟು ಗಟ್ಟಿ ಗಿಡಕ್ಕೆ ಅಪಾಯವೇ ಇಲ್ಲ ಅಂದುಕೊಂಡರೆ ಪೆಟ್ಟು ತಿನ್ನುವುದು ಬೆಟ್ಟ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೀಳುವ ಬೆಂಕಿ ರಾಳದ ಎಲೆಯನ್ನು ಕ್ಷಣದಲ್ಲಿ ಹಿಡಿಯುತ್ತದೆ. ಒಮ್ಮೆ ಬೆಂದರೆ ಮಣ್ಣಿನಲ್ಲಿರುವ ಬೀಜ ಕಾವಿಗೆ ಎಚ್ಚೆತ್ತು ಮೊಳೆಯುತ್ತದೆ. ಆದರೆ ಆ ಸಸಿ ಕಾಯಿ ಬಿಡುವ ಮೊದಲೇ ಮತ್ತೆ ಬೆಂಕಿ ಬಿದ್ದರೆ ಬೀಜದ ಉಳಿತಾಯವೆಲ್ಲ ಖಾಲಿ. ಆಮೇಲೆ ಬರುವ ಮೊದಲ ಜಡಿಮಳೆಗೆ ಇಳಿಜಾರಿನ ಮಣ್ಣು ಕೆಳಗಿನ ಕೆರೆಗೆ ಹೂಳಾಗಿ ಸೇರುತ್ತದೆ. ಕಲ್ಲುಗಣಿ ಬಂದ ಕಡೆ ಬೆಟ್ಟವೇ ಉಳಿಯುವುದಿಲ್ಲ. ಕುರುಚಲು ಎಂದರೆ ಪಾಳು ಎಂದು ಬಗೆದು, ಜೆಸಿಬಿಯಲ್ಲಿ ಬಂದರೆಯನ್ನು ಕಿತ್ತು ನೀಲಗಿರಿ ನೆಡುವುದು ಇನ್ನೊಂದು ಅನ್ಯಾಯ. ಗಿಡ ನೆಡುವ ಉತ್ಸಾಹದಲ್ಲಿ ಇದ್ದ ಗಿಡವನ್ನೇ ಕೀಳಬಾರದು.

ಹಾಗೆಂದು ಎಲ್ಲ ಕಡೆಯೂ ಬಂದರೆ ಬೇಕೆಂದಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ 798 ಎಕರೆಯ ಬಯಲು. ಅದು ಹುಲ್ಲಿನ ಜಾಗ, ಅಲ್ಲಿ ಪೊದೆ ತುಂಬಿಸಬಾರದು. ಬಂದರೆಯ ಜಾಗ ಕಲ್ಲುಗುಡ್ಡ, ಕೊರಕಲು, ಸವೆದ ಇಳಿಜಾರು, ಹೊಲದ ಬದು, ಕೈಬಿಟ್ಟ ಕಲ್ಲುಗಣಿಯ ಅಂಚು.

ಅದನ್ನು ಬೆಳೆಸುವುದು ಎಷ್ಟು ಸಲೀಸು ಅಂದರೆ ಶಾಲೆಯ ಮಕ್ಕಳೂ ಮಾಡಬಹುದು. ಕಾಯಿ ಕಂದಾಗಿ ಒಣಗಿದಾಗ ಒಂದು ಚೀಲ ತುಂಬಿಕೊಂಡು ಬನ್ನಿ. ಉಜ್ಜಿ, ತೂರಿ, ಕಪ್ಪು ಬೀಜ ಬೇರ್ಪಡಿಸಿ. ಕುದಿದ ನೀರನ್ನು ಅದರ ಮೇಲೆ ಸುರಿದು, ಆರಲು ಬಿಟ್ಟು ರಾತ್ರಿಯಿಡೀ ನೆನೆಸಿ. ಸಾಗರ ದಾಟುವಾಗ ಬಿಗಿಯಾಗಿದ್ದ ಸಿಪ್ಪೆ ಆ ಬಿಸಿಗೆ ಸೋಲುತ್ತದೆ. ಮುಂಗಾರಿನ ಮೊದಲ ಹದಕ್ಕೆ ಬದುವಿನ ಮೇಲೆ, ಇಳಿಜಾರಿನಲ್ಲಿ ಚೆಲ್ಲಿ ತೆಳ್ಳಗೆ ಮಣ್ಣು ಮುಚ್ಚಿ. ಬೇಲಿ ಬೇಕಿಲ್ಲ, ಮೇಕೆ ತಿನ್ನುವುದಿಲ್ಲ. ನೀರಿನ ಟ್ಯಾಂಕರ್ ಬೇಕಿಲ್ಲ. ಪೆಸಿಫಿಕ್ಕಿನ ಲಾವಾದ ಮೇಲೆ, ಆಫ್ರಿಕದ ಹಾರುವ ಮರಳಿನ ಮೇಲೆ ಗೆದ್ದ ಗಿಡಕ್ಕೆ ನಮ್ಮ ಬೆಟ್ಟದಲ್ಲಿ ಬೇಕಾದದ್ದು ಇಷ್ಟೇ: ಬೆಂಕಿಯಿಂದ ಬಿಡುವು, ಜೆಸಿಬಿಯಿಂದ ಬಿಡುವು, ಮತ್ತು ಐದಾರು ಮಳೆಗಾಲ.